ಜನವರಿಯ ಹೊಗೆ

"ಲಾರಿ ಹತ್ತಿಸ್ತೀಯಾ? ಹತ್ತಿಸು, ನೋಡೋಣ!"

ಕಮಲಾದೇವಿ ಗೇಟಿಗೆ ಅಡ್ಡ ನಿಂತಿದ್ದಳು. ಡ್ರೈವರ್ ಹಾರ್ನ್ ಒತ್ತಿದ. ಅವಳು ಕದಲಲಿಲ್ಲ.

ಜರಗನಹಳ್ಳಿಯ ಆ ಶೆಡ್ಡಿನಲ್ಲಿ ಗುಜರಿ ಅಲ್ಯೂಮಿನಿಯಂ ಕರಗಿಸುತ್ತಿದ್ದರು. ಎದುರು ಮನೆ ಅವಳದು. ವರ್ಷಗಳಿಂದ ಹೇಗೋ ಸಹಿಸಿಕೊಂಡಿದ್ದಳು. ಆದರೆ ಜನವರಿಯಿಂದ ಹೊಗೆ ಕಪ್ಪಾಗಿತ್ತು. ಒಣಹಾಕಿದ ಬಟ್ಟೆ ಮುಟ್ಟಿದರೆ ಕೈಗೆ ಮಸಿ. ಎಂಟು ವರ್ಷದ ಮಗಳು ಇಂಚರ ಎರಡು ಸಲ ಆಸ್ಪತ್ರೆ ಸೇರಿದ್ದಳು. ಮೆಟ್ಟಿಲು ಹತ್ತಿದರೂ ಏದುಸಿರು.

ಕುಲುಮೆ ಕೆಲಸದ ಭೀಮೇಶ್ ಓಡಿಬಂದ. ಎರಡು ಮಾತಿಗೊಮ್ಮೆ ಕೆಮ್ಮು.

"ಅಕ್ಕಾ, ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ. ಇಪ್ಪತ್ತೆರಡು ಜನ ಇದೀವಿ."

"ನನ್ನ ಮಗಳು ಸಾಯ್ಲಾ?"

ಹಿಂದಿನಿಂದ ಕಾರು ಬಂತು. ಮಾಲೀಕ ಸೋಮಲಿಂಗಪ್ಪ ಗಾಜು ಇಳಿಸಿದ.

"ನನ್ನ ಹತ್ರ ಯಾಕಮ್ಮಾ ಕೂಗಾಡ್ತೀಯಾ? ತಾಕತ್ತಿದ್ರೆ ಕಂಪ್ಲೇಂಟ್ ಕೊಡು. ಮುಚ್ಚಿಸು."

ಆ ಸೊಕ್ಕು ಅವಳನ್ನು ಸುಟ್ಟಿತು. ಅಂದೇ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಬರೆದಳು.

ಎರಡು ದಿನದಲ್ಲಿ ಅಪರಿಚಿತ ನಂಬರಿನಿಂದ ಅವಳ ಮೊಬೈಲಿಗೆ ಫೋಟೋಗಳು ಬಂದವು. ಫಿಲ್ಟರ್ ಕಿತ್ತುಹಾಕಿದ ಚಿಮಣಿ. ಅವಧಿ ಮುಗಿದ ಪರವಾನಗಿ. ಕೆಳಗೊಂದು ಸಾಲು: 'ಅಧಿಕಾರಿಗಳಿಗೆ ಕೊಡಿ. ನನ್ನ ಹೆಸರು ಕೇಳಬೇಡಿ.'

ಒಳಗೂ ಒಬ್ಬ ಮನುಷ್ಯ ಇದ್ದಾನೆ ಎಂದುಕೊಂಡಳು. ಎಲ್ಲವನ್ನೂ ದೂರಿಗೆ ಲಗತ್ತಿಸಿದಳು.

ಮೂರೇ ವಾರ. ಅಧಿಕಾರಿಗಳು ಬಂದು ಶೆಡ್ಡಿಗೆ ಬೀಗಮುದ್ರೆ ಹಾಕಿದರು. ಬೀದಿಯವರು ಚಪ್ಪಾಳೆ ತಟ್ಟಿದರು. ಇಂಚರ ಟೆರೇಸಿಗೆ ಹತ್ತಿ ಗಾಳಿಪಟ ಹಾರಿಸಿದಳು.

ವಾರದ ನಂತರ ಭೀಮೇಶ್ ಬಾಗಿಲಿಗೆ ಬಂದ. ಮುಖ ಬಿಳಿಚಿತ್ತು. ಹಿಂದೆ, ಶೆಡ್ಡಿನ ಅಂಗಳದಲ್ಲಿ ಯಾರೋ ಅಳತೆ ಟೇಪು ಹಿಡಿದು ಓಡಾಡುತ್ತಿದ್ದರು.

"ಖುಷಿಯಾಯ್ತಾ ಅಕ್ಕಾ? ಕೆಲಸ ಹೋಗಿದ್ದಕ್ಕೆ ಪರಿಹಾರಾನೂ ಇಲ್ವಂತೆ. 'ನಾನಾಗಿ ಮುಚ್ಚಿದ್ರೆ ಕೊಡಬೇಕಿತ್ತು, ಮುಚ್ಚಿಸಿದ್ದು ಆ ಹೆಂಗಸು' ಅಂತಾರೆ ಓನರ್. ನನ್ನ ಶ್ವಾಸಕೋಶಕ್ಕೆ ಔಷಧಿ ಎಲ್ಲಿಂದ ತರಲಿ?"

ಅವಳ ದನಿ ಕುಗ್ಗಿತು. "ಫಿಲ್ಟರ್ ಇಲ್ದೆ ನಡೆಸಿದ್ರಲ್ಲ ಭೀಮೇಶ್."

"ಸರಿಯಾಗೇ ಇತ್ತು. ಜನವರೀಲಿ ಓನರೇ ನಿಂತು ಕೀಳಿಸಿದ್ರು. ರಿಪೇರಿ ಅಂದ್ರು."

"ಫೋಟೋ ಕಳಿಸಿದ್ದು ನೀನಲ್ವಾ?"

"ಯಾವ ಫೋಟೋ?"

ಹಾಗಾದರೆ ಒಳಗಿನ ಆ ಒಳ್ಳೆಯವನು ಬೇರೆ ಯಾರೋ. ಈ ಇಪ್ಪತ್ತೆರಡು ಜನರ ಪರವಾಗಿ ಅವನು ಸಾಕ್ಷಿ ಹೇಳಬಹುದು. ಕಮಲಾದೇವಿ ಅವಸರದಲ್ಲಿ ಆ ನಂಬರಿಗೆ ಕರೆ ಮಾಡಿದಳು.

ರಸ್ತೆಯಾಚೆ, ಅಪಾರ್ಟ್‌ಮೆಂಟಿಗೆ ಜಾಗ ಅಳೆಯುತ್ತಿದ್ದವರ ನಡುವೆ, ಸೋಮಲಿಂಗಪ್ಪ ಫೋನ್ ಕಿವಿಗಿಟ್ಟು ಅವಳತ್ತ ತಿರುಗಿ, "ಹೇಳಮ್ಮಾ, ಮಗು ಹುಷಾರಾ?" ಎಂದ.