ಹೊಳೆದಂಡೆಗೆ ಲಾವಂಚ ಹಚ್ಚುವ ತಾಯಿ

ಹೊಳೆಯ ನೆರೆ ಇಳಿದ ಸುದ್ದಿ ಕೇಳಿದ್ದೇ ತಡ, ಸಂಗನಬಸಪ್ಪ ಪಟ್ಟಣದ ತನ್ನ ಟೈಲ್ಸ್ ಅಂಗಡಿಗೆ ಬೀಗ ಹಾಕಿ ಊರಿಗೆ ಓಡಿ ಬಂದ...

ಹೋದ ವರ್ಷವಷ್ಟೇ ತಾಯಿಯನ್ನು ಹೊಳೆದಂಡೆಯ ರುದ್ರಭೂಮಿಯಲ್ಲಿ ಮಣ್ಣು ಮಾಡಿದ್ದರು. ಮೊಬೈಲಿಗೆ ಬಂದ ವಿಡಿಯೋದಲ್ಲಿ ನೀರು ಆ ದಂಡೆಯನ್ನೇ ರೊಟ್ಟಿ ಮುರಿದಂತೆ ಮುರಿದು ನುಂಗುತ್ತಿತ್ತು.

"ಅವ್ವ ಎರಡನೇ ಸಲ ಹೋದಳು..." ದಾರಿಯುದ್ದಕ್ಕೂ ಅತ್ತಿದ್ದ.

ಬಂದು ನೋಡಿದರೆ, ಆಚೆ ಈಚೆ ದಂಡೆ ಕುಸಿದು ಬಿದ್ದಿದೆ. ಅವ್ವನ ಸಮಾಧಿ ಇದ್ದ ಕಡೆ ಮಾತ್ರ ಮಣ್ಣು ಕದಲಿಲ್ಲ!

ಇಳಿಜಾರಿನ ತುಂಬ ಲಾವಂಚದ ಹುಲ್ಲು... ನಡುನಡುವೆ ಬಡಿದ ಲಕ್ಕಿ ಗಿಡದ ಹಸಿ ಗೂಟಗಳು ಬೇರು ಬಿಟ್ಟು ಚಿಗುರಿವೆ.

ಕೆಳಗೆ ರಾಡಿಯಲ್ಲಿ ಕುಳಿತು ಊರಿನ ಮುದುಕಿ ದ್ಯಾಮವ್ವ ಮತ್ತೆ ಸಸಿ ಊರುತ್ತಿದ್ದಳು.

"ಇದನ್ನೆಲ್ಲಾ ನೀನ ಹಚ್ಚೀಯೇನಬೇ?"

"ಹೂಂನಪಾ. ಕೃಷಿ ಇಲಾಖೆಯವರು ತೋರಿಸಿಕೊಟ್ಟಿದ್ರು. ಇದರ ಬೇರು ಆಳಕ್ಕ ಇಳದು ಮಣ್ಣ ಬಿಗಿ ಹಿಡಿತಾವ. ನಿಮ್ಮವ್ವ ಇಲ್ಲೇ ಅದಾಳ, ಅಳಬ್ಯಾಡ."

ಅವನು ಅವಳ ಕಾಲು ಮುಟ್ಟಿದ.

"ನಿಮ್ಮ ಮಂದೀದೂ ಸಮಾಧಿ ಇಲ್ಲಿ ಐತೇನಬೇ? ಅಲ್ಲೂ ಕೈ ಮುಗದು ಬರ್ತೀನಿ."

ದ್ಯಾಮವ್ವ ರಾಡಿ ಮೆತ್ತಿದ ಕೈ ಎತ್ತಿ ತೋರಿಸಿದಳು...

ಹೊಳೆಯ ನಡುವಿಗೆ.

"ಮಗಳದು. ಆಗ ಅಲ್ಲೀತನಾ ದಂಡಿ ಇತ್ತು. ಹಿಂದಿನ ಸಲ ಹೊಳಿ ಬಂದಾಗ ಹೋತು. ಮುಂಜಾನೆ ಬಂದು ನೋಡಿದ್ರ ಬರೇ ನೀರು..."

ಸಂಗನಬಸಪ್ಪ ಆ ನೀರಿನತ್ತ ನೋಡಿದ.

"ಮತ್ತ... ಮಗಳದ ಉಳೀಲಿಲ್ಲ ಅಂದಮ್ಯಾಲೆ ಈ ಕಷ್ಟ ಯಾಕಬೇ?"

"ಸಮಾಧಿ ಮಣ್ಣರೆ ಇದ್ರ ಅಲ್ಲಿ ಕುಂತು ಅಳಬಹುದು ತಮ್ಮಾ. ನನಗ ಅಳಾಕೂ ಜಾಗಾ ಇಲ್ಲದಂಗಾತು. ಇನ್ನೊಬ್ರಿಗೆ ಹಂಗ ಆಗಬಾರದು."

ಅವನು ಮೆಲ್ಲಗೆ ಕೇಳಿದ:

"ಆಕಿ ಹೆಸರೇನಿತ್ತಬೇ?"

ಮುದುಕಿಯ ಕೈ ಅಲ್ಲೇ ನಿಂತಿತು.

"ಅಂಬವ್ವ..." ಎಂದಳು. "ಭಾಳ ದಿನಾ ಆಗಿತ್ತಪಾ, ಯಾರೂ ಕೇಳಿರಲಿಲ್ಲ."

ಅಷ್ಟು ಹೇಳಿ, ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಸಂಗನಬಸಪ್ಪ ಸಮಾಧಾನ ಹೇಳಲು ಹೋಗಲಿಲ್ಲ. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಅವಳ ಪಕ್ಕದಲ್ಲೇ ರಾಡಿಗಿಳಿದು ಒಂದು ಸಸಿ ಕೈಗೆ ತೆಗೆದುಕೊಂಡ...

ತನಗೆ ದಕ್ಕದೆ ಹೋದದ್ದನ್ನು ಇನ್ನೊಬ್ಬರಿಗೆ ಉಳಿಸಿಕೊಡುವುದೇ ದೊಡ್ಡ ಪ್ರೀತಿ.

ನಾವು ಅನುಭವಿಸಿದ ನೋವು ಬೇರೆಯವರಿಗೆ ಬಾರದಿರಲಿ ಎಂದು ನಾವು ಯಾವತ್ತಾದರೂ ಕೈ ಕೆಸರು ಮಾಡಿಕೊಂಡಿದ್ದೇವೆಯೇ?