ಚಂದ್ರ ಯಾವ ಜಿಲ್ಲೆ?

ಚಂದ್ರನ ಮೇಲಿನ ಗಣಿ ಕಾಲೊನಿಯಿಂದ ಈ ಸಲ ದೂರಶಿಕ್ಷಣದ ಬಿ.ಎ.ಗೆ ಅರ್ಜಿಗಳು ಬಂದಿದ್ದವು. ಅಲ್ಲೊಂದು ಕಲಿಕಾ ಕೇಂದ್ರ ತೆರೆಯಲು ವಿಶ್ವವಿದ್ಯಾಲಯ ತುದಿಗಾಲಲ್ಲಿ ನಿಂತಿತ್ತು. ಆದರೆ ಜಿಲ್ಲೆಯ ಹೆಸರು ಬರೆಯದೆ ಅನುದಾನ ಸಿಗುವುದಿಲ್ಲ.

“ಚಂದ್ರ ಯಾವ ಜಿಲ್ಲೆಗೆ ಸೇರ್ತಾನೆ ಮೇಡಂ?” ಹಣಕಾಸು ಅಧಿಕಾರಿ ಪುಟ್ಟಮಾದಯ್ಯ ಸಭೆಯಲ್ಲಿ ಕೇಳಿದರು.

ಪರದೆಯ ಮೇಲೆ ಕಾಲೊನಿಯ ಅಡುಗೆಯವಳು ಜುಬೇದಾ ಕಾಯುತ್ತಿದ್ದಳು. ಮೊದಲ ಅರ್ಜಿ ಅವಳದೇ.

ನಿರ್ದೇಶಕಿ ಸುಗುಣಾವತಿ ಬಾಯಲ್ಲಿದ್ದ ಬೋಂಡಾ ನುಂಗಿ ಎದ್ದು ನಿಂತರು. “ದಿನಾ ಎಲ್ಲಾ ಜಿಲ್ಲೆ ಮೇಲೂ ಹಾದು ಹೋಗ್ತಾನಲ್ರೀ! ಎಲ್ಲಾ ಜಿಲ್ಲೆ ಹೆಸರಲ್ಲೂ ಅನುದಾನ ಕೇಳಿ!”

ಸಭೆ ಮೇಜು ಕುಟ್ಟಿ ನಕ್ಕಿತು.

“ಅಮಾವಾಸ್ಯೆ ದಿನ ಆಡಿಟ್‌ನವರು ಬಂದು, ಎಲ್ರೀ ನಿಮ್ಮ ಕೇಂದ್ರ ಅಂದ್ರೆ?” ಪುಟ್ಟಮಾದಯ್ಯ ಪಟ್ಟು ಬಿಡಲಿಲ್ಲ.

“ಅವತ್ತು ರಜೆ ಅಂತ ಬೋರ್ಡ್ ಹಾಕಿ!”

ಜುಬೇದಾ ಕುಣಿದೇಬಿಟ್ಟಳು. ತೇಲುತ್ತ ಹೋಗಿ ಛಾವಣಿಗೆ ತಲೆ ತಾಗಿಸಿಕೊಂಡವಳು, ಕೆಳಗಿಳಿಯುವ ಮೊದಲೇ ಕೂಗಿದಳು: “ಮೇಡಂ, ಎಂ.ಎ. ಯಾವಾಗ ಶುರು ಮಾಡ್ತೀರಾ?”