ನಾಲ್ಕು ಗಂಟೆಯ ಶೋಧನೆ

ಮೇಲಿನ ಮನೆಯ ಹೊಲಿಗೆ ಯಂತ್ರ ನಿಂತಿತು. ಏಜೆಂಟ ಗಡಬಡಿಸಿ ಸೊಂಟದ ಬೆಲ್ಟನ್ನು ಮಂಚದ ಕಾಲಿಗೆ ಬಿಗಿದುಕೊಂಡು ನೆಲದ ಮೇಲೆ ಕೂತ. ದಿನಾ ನಾಲ್ಕಕ್ಕೆ ಸರಿಯಾಗಿ ಅದು ನಿಲ್ಲುತ್ತಿತ್ತು. ಆಮೇಲೆ ದರ್ಜಿಯವಳು ಒಬ್ಬಳೇ. ಗಂಡನೇನೋ ಇದ್ದ, ಆದರೆ ಲಕ್ವ ಹೊಡೆದು ಹಾಸಿಗೆ ಹಿಡಿದವನು ಏನು ತಾನೇ ಕೇಳಿಯಾನು?

ಸೋಮವಾರ ಹೋಗಬಾರದೆಂದು ಆಣೆ ಇಟ್ಟುಕೊಂಡಿದ್ದ, ಹೋಗಿದ್ದ. ಮಂಗಳವಾರ ಒಳಗಿನಿಂದ ಬೀಗ ಹಾಕಿ ಕೀಲಿಯನ್ನು ಕಿಟಕಿಯಾಚೆ ಎಸೆದಿದ್ದ. ಆಮೇಲೆ ಅದೇ ಕಿಟಕಿಯಿಂದ ಇಳಿದು, ಮೆಟ್ಟಿಲು ಹತ್ತಿ ಹೋಗಿದ್ದ. ನೋಡಿದವರು ಏನೆಂದುಕೊಂಡರೋ.

ಸುದ್ದಿ ದೊಡ್ಡಪ್ಪನ ಕಿವಿಗೆ ಬಿತ್ತು. ಈ ಬೀದಿಯ ಮನೆಮನೆ ತಿರುಗುವ ಕೆಲಸವನ್ನು ಕಂಡಕಂಡವರ ಕಾಲು ಹಿಡಿದು ಕೊಡಿಸಿದ್ದೇ ಅವರು.

"ಇನ್ನೊಂದ್ಸಲ ಆ ಮನೆಗೆ ಹೋದ್ರೆ ಕೆಲಸ ಹೋಯ್ತು ಅಂತ್ಲೇ ತಿಳ್ಕೋ. ನಮ್ಮ ವಂಶದಲ್ಲಿ ಯಾರೂ ಇಂಥದ್ದು ಮಾಡಿಲ್ಲ! ಬುಧವಾರ ನಾಲ್ಕಕ್ಕೆ ಚರ್ಚಲ್ಲಿ ಶೋಧನೆ ಗೆಲ್ಲೋ ಪಾಠ ಇದೆಯಂತೆ, ಮನಸ್ಸು ಸೆಳೆದಾಗ ತಡ್ಕೊಳ್ಳೋದು ಹೇಗೆ ಅಂತ, ಹೋಗಿ ಕಲಿ. ಈ ವಿಷಯದಲ್ಲಿ ಆ ಪಾದ್ರಿಯಷ್ಟು ನಮ್ಮನ್ನ ಓದ್ಕೊಂಡೋರು ಯಾರೂ ಇಲ್ಲ."

ಏಜೆಂಟನಿಗೆ ನಿಜವಾಗಿಯೂ ಭಯವಾಯಿತು. ಈ ಕೆಲಸ ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ.

ಬುಧವಾರ ಹೋದ. ತಲೆಗೆ ಶೀತವೆಂದು ಟೋಪಿ ತೆಗೆಯದೆ ಕೊನೆಯ ಬೆಂಚಿನಲ್ಲಿ ಕೂತು ಒಂದಕ್ಷರ ಬಿಡದೆ ಬರೆದುಕೊಂಡ.

"ಸೈತಾನ ಮೊದಲು ಚಿಕ್ಕ ಆಸೆಯೊಂದನ್ನ ಮುಂದಿಡ್ತಾನೆ. 'ಒಂದೇ ಸಲ' ಅಂತಾನೆ," ಎಂದರು ಪಾದ್ರಿಗಳು. "ಗುರುತು ಹಿಡೀರಿ. ವಾದಕ್ಕೆ ಇಳೀಬೇಡಿ. ಓಡಿ!"

ಏಜೆಂಟ ಎದ್ದು ನಿಂತ. "ಮಾಡಿದ ಮೇಲೆ ಮನಸ್ಸಿಗೆ ತುಂಬಾ ಹಿತ ಅನಿಸಿದ್ರೆ?"

"ಅದೇ ಗಾಳ!"

ಇಂಥ ಶ್ರದ್ಧೆಯ ಶಿಷ್ಯ ಪಾದ್ರಿಗಳಿಗೆ ಇಪ್ಪತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ. ಪಾಠ ಮುಗಿದ ಮೇಲೆ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು. "ಹೆಂಗಸಿನ ವಿಷಯಾನಾ?"

"ಮೇಲಿನ ಮನೆಯವರು."

"ಗಂಡ ಇಲ್ವಾ?"

"ಇದ್ದಾರೆ, ಮಂಚದ ಮೇಲೆ. ಅವರು ನೋಡ್ತಾನೇ ಇರ್ತಾರೆ."

ಪಾದ್ರಿಗಳು ಬೆಂಚಿನ ಮೇಲೆ ಕುಸಿದರು. "ಮಗೂ, ನಿನ್ನನ್ನ ನೀನೇ ಕಟ್ಟಿ ಹಾಕ್ಕೊಂಡಾದ್ರೂ ಮನೇಲಿ ಕೂರು!"

ಅದರಂತೆ ಇಂದು ಬೆಲ್ಟು. ಐದು ನಿಮಿಷ ಗೆದ್ದ. ಗುರುತು ಹಿಡಿ, ವಾದ ಬೇಡ, ಓಡು ಎಂದು ಗುನುಗುತ್ತಲೇ ಇದ್ದ. ಅಷ್ಟರಲ್ಲಿ ಮೇಲೆ ಧೊಪ್ಪನೆ ಏನೋ ಬಿತ್ತು. ಏಜೆಂಟ ಓಡಿದ, ಮಂಚವನ್ನೂ ಎಳೆದುಕೊಂಡು. ಅದು ಬಾಗಿಲಲ್ಲಿ ಸಿಕ್ಕಿಕೊಂಡಿತು, ಬೆಲ್ಟು ಕಿತ್ತುಹೋಯಿತು, ಅವನು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಮೆಟ್ಟಿಲು ಹತ್ತಿದ.

"ಬಂದ್ರಾ? ನಿಮ್ಮನ್ನೇ ಕಾಯ್ತಿದ್ದೆ," ಎಂದಳು ದರ್ಜಿಯವಳು. ಬಾಗಿಲು ಮುಚ್ಚಿತು.

ಒಂದು ಗಂಟೆ ಬಿಟ್ಟು ಬೆವರೊರೆಸಿಕೊಳ್ಳುತ್ತ ಕೆಳಗೆ ಬಂದ. ಬಾಗಿಲಲ್ಲಿ ಸಿಕ್ಕಿಕೊಂಡ ಮಂಚದ ಮೇಲೆ ದೊಡ್ಡಪ್ಪ ಕೂತಿದ್ದರು.

"ಮತ್ತೆ ಹೋದೆ."

"ಹೋದೆ."

"ಏನು ಮಾಡಿದೆ? ಬಾಯಿಬಿಟ್ಟು ಹೇಳು."

"ಅವಳ ಗಂಡ ಮಂಚದಿಂದ ಬಿದ್ದಿದ್ರು. ಎತ್ತಿ ಮಲಗಿಸಿದೆ. ಬೆನ್ನಿನ ಹುಣ್ಣು ತೊಳೆದು, ಮಗ್ಗುಲು ಬದಲಿಸಿ, ಬಟ್ಟೆ ಹಾಕಿದೆ. ಅವಳೊಬ್ಬಳ ಕೈಲಿ ಆಗಲ್ಲ ದೊಡ್ಡಪ್ಪ, ಆ ಆಸಾಮಿ ತುಂಬಾ ಭಾರ."

"ಅಷ್ಟೇ ತಾನೇ?"

ಏಜೆಂಟ ತಲೆ ತಗ್ಗಿಸಿದ. ನಾಚಿಕೆಯಾಗುತ್ತಿತ್ತು, ಆದರೆ ಹುಟ್ಟಿದಾಗಿನಿಂದ ಅವನಿಗೆ ಇಷ್ಟು ಖುಷಿಯಾಗಿದ್ದೇ ಇಲ್ಲ. "ಇವತ್ತು ಅವರ ಜೊತೆ ಪ್ರಾರ್ಥನೇನೂ ಮಾಡಿದೆ. ಮನಸಾರೆ."

ದೊಡ್ಡಪ್ಪ ಎರಡೂ ಕಿವಿ ಮುಚ್ಚಿಕೊಂಡರು. ಆಮೇಲೆ ಎದ್ದು ಕೈ ಚಾಚಿದರು.

"ಕೊಂಬು ಎರಡೂ ಈಗಲೇ ಬಿಚ್ಚಿ ಕೊಡು, ಬಾಲಾನ ನಾಳೆ ಆಫೀಸಿಗೆ ತಂದು ಒಪ್ಪಿಸು."